ಜೈಂಟ್ಸ್ ಗೆದ್ದಾಯ್ತು ಅಪ್ಪ, ಈಗ ನೀವು ಕಾಲು ತೋರಿಸ್ಬೇಕು

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
12 ಡಿಸೆಂಬರ್ 2010, ಭಾನುವಾರ

ಅಪ್ಪ, ಅಮ್ಮನಿಗೆ ನಮಸ್ಕಾರ. ಇಲ್ಲಿ ನಾವು ಮೂರೂ ಜನ ಆರಾಮಾಗಿದೀವಿ. ಇವ್ರಿಗೆ ವರ್ಷದ ಕೊನೆ ಅಂತ ಕೆಲ್ಸ ಜಾಸ್ತಿ, ಚಿನ್ನುಗೆ ನೆಗಡಿ ಆಗಿತ್ತು ಈಗ ಹೋಗಿದೆ. ಈ ಕಾಗದ ಪುಟ್ಟನ ಮೇಲ್‌ಗೆ ಕಳಿಸ್ತಿದೀನಿ, ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು ತಂದ್ಕೊಡೋಕೆ ಹೇಳಿದೀನಿ.

ನಿಮ್ಮ ಕವರ್ ಗುರುವಾರ ಬಂತು. ಒಳಗೆ ಅಪ್ಪನ ಹಾಳೆಗಳು, ಅದರ ಮಧ್ಯ ಅಮ್ಮನದು ಒಂದು ಹಾಳೆ ಮಡಚಿ ಇಟ್ಟಿದ್ದು. ಅಪ್ಪನ ಹಾಳೆ ತುಂಬ ಬೇಸ್‌ಬಾಲ್ ಬಗ್ಗೆ ಪ್ರಶ್ನೆ, ಕಾಲಿನ ಬಗ್ಗೆ ಒಂದಕ್ಷರ ಇಲ್ಲ. ಅಮ್ಮನ ಹಾಳೇಲಿ ಕಾಲು ಬಿಟ್ರೆ ಬೇರೇನೂ ಇಲ್ಲ. ಅಪ್ಪ, ಅವಳು ಬರೆದಿದ್ದಕ್ಕೆ ದಯವಿಟ್ಟು ಅವಳ ಮೇಲೆ ರೇಗ್ಬೇಡಿ, ಬರೆಯದೆ ಇದ್ದಿದ್ರೆ ನಾನು ಅವಳ ಹತ್ರ ಮಾತು ಬಿಡ್ತಿದ್ದೆ. ಮೊದ್ಲು ನಿಮ್ಮ ಪ್ರಶ್ನೆಗೆ ಉತ್ತರ ಬರೀತೀನಿ, ಯಾಕಂದ್ರೆ ಕಾಲಿನ ವಿಷ್ಯದಿಂದ ಶುರು ಮಾಡಿದ್ರೆ ನೀವು ಕಾಗದ ಮಡಚಿ ಕಿಟಕಿ ಮೇಲಿಟ್ಟು ತೋಟಕ್ಕೆ ಹೊರಟುಬಿಡ್ತೀರ ಅಂತ ನಂಗೊತ್ತು. ಆದ್ರೆ ಪೂರ್ತಿ ಓದ್ಬೇಕು, ಕೊನೇ ತನಕ.

ಬೇಸ್‌ಬಾಲ್ ಅಂದ್ರೆ ದೊಣ್ಣೆ ಬೀಸೋ ಆಟ, ಅದ್ರಲ್ಲಿ ಕ್ರಿಕೆಟ್ಟಿನ ಕಲೆ ಎಲ್ಲಿದೆ ಅಂತ ಕೇಳಿದೀರ. ಅದನ್ನ ನಾನು ಒಪ್ಪಲ್ಲ ಅಪ್ಪ. ಇಲ್ಲಿ ಬ್ಯಾಟು ಚಪ್ಪಟೆ ಅಲ್ಲ ಗುಂಡಗೆ, ಚೆಂಡೂ ಗುಂಡಗೆ. ಎಸೆಯೋನು ನಿಲ್ಲೋದು 60 ಅಡಿ 6 ಇಂಚು ದೂರದಲ್ಲಿ, ನಮ್ಮ ಪಿಚ್‌ಗಿಂತ ಐದೂವರೆ ಅಡಿ ಹತ್ರ, ಚೆಂಡು ನೆಲಕ್ಕೆ ಬಿದ್ದು ಪುಟಿಯೋದೇ ಇಲ್ಲ ಹಾಗೇ ಗಾಳಿಲಿ ತಿರುಗ್ತಾ ಬರುತ್ತೆ, ಗಂಟೆಗೆ 150 ಕಿಲೋಮೀಟರ್ ಅಂತ ಇಟ್ಕೊಳ್ಳಿ, ಬ್ಯಾಟ್ಸ್‌ಮನ್ ಹತ್ರ ಬರೋಕೆ ಅರ್ಧ ಸೆಕೆಂಡೂ ಬೇಡ. ಹತ್ತು ಸಲ ಆಡೋಕೆ ಬಂದು ಮೂರು ಸಲ ಹಿಟ್ ಸಿಕ್ಕಿದ್ರೆ, ಅಂದ್ರೆ ಹೊಡೆದು ಔಟಾಗದೆ ಓಡಿ ಬೇಸ್ ಅನ್ನೋ ಗುರುತಿನ ಜಾಗ ಮುಟ್ಟಿದ್ರೆ, ಅವನನ್ನ ದೊಡ್ಡ ಬ್ಯಾಟ್ಸ್‌ಮನ್ ಅಂತಾರೆ, ಏಳು ಸಲ ಸೋತೋನಿಗೆ ಆ ಮರ್ಯಾದೆ ಅಂದ್ರೆ ಆ ಆಟ ಎಷ್ಟು ಕಷ್ಟ ನೋಡಿ. ನಂಗೂ ಮೊದಮೊದಲು ಇದೇನು ಬೌಂಡ್ರಿನೂ ಇಲ್ಲ ಓವರೂ ಇಲ್ಲ ಅನ್ಸ್ತಿತ್ತು, ಚಿನ್ನು ಜೊತೆ ಕೂತು ನೋಡ್ತಾ ನೋಡ್ತಾ ಹಿಡಿಸ್ತು.

ಒಂದು ಸೀಸನ್ನಿಗೆ ಒಂದೊಂದು ಟೀಮು 162 ಮ್ಯಾಚ್ ಆಡುತ್ತೆ, ಏಪ್ರಿಲ್‌ನಿಂದ ಅಕ್ಟೋಬರ್ ಮೊದಲ ವಾರದ ತನಕ ಹೆಚ್ಚುಕಮ್ಮಿ ದಿನಾ ಮ್ಯಾಚು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಈ ಸಲ 92 ಗೆದ್ದು 70 ಸೋತ್ರು, ಅಕ್ಟೋಬರ್ 3ಕ್ಕೆ, ಲೀಗಿನ ಕಟ್ಟಕಡೇ ದಿನ, ಸ್ಯಾನ್ ಡಿಯೇಗೋ ಪ್ಯಾಡ್ರೇಸ್ ಮೇಲೆ ಗೆದ್ದು ಮುಂದಿನ ಸುತ್ತಿಗೆ ಹೋದ್ರು. ಅಲ್ಲಿಂದ ಅಟ್ಲಾಂಟಾ ಬ್ರೇವ್ಸ್ ಜೊತೆ ನಾಲ್ಕು ಮ್ಯಾಚು, ನಾಲ್ಕೂ ಒಂದೊಂದೇ ರನ್ನಿನ ಅಂತರ. ಆಮೇಲೆ ಫಿಲಡೆಲ್ಫಿಯಾ, ಅವ್ರು ಎರಡು ವರ್ಷದ ಹಿಂದೆ ಚಾಂಪಿಯನ್ ಆಗಿದ್ದೋರು, ಅವ್ರನ್ನ 4-2 ಸೋಲಿಸಿದ್ರು. ಟಿವಿ ಕಾಮೆಂಟ್ರಿಯವ್ರೇ ಈ ಟೀಮಿನ ಆಟಕ್ಕೆ ಟಾರ್ಚರ್ ಅಂತ ಹೆಸ್ರಿಟ್ಟಿದ್ರು, ಜನ ಅದನ್ನೇ ಬೋರ್ಡ್ ಬರ್ಕೊಂಡು ಸ್ಟೇಡಿಯಂಗೆ ಬರೋರು. ಇವ್ರಂತೂ ಕೊನೇ ಇನ್ನಿಂಗ್ಸ್ ಬಂದ್ರೆ ಎದ್ದು ಹೋಗಿ ಅಡುಗೆಮನೇಲಿ ನಿಂತ್ಕೊಳ್ಳೋರು.

ಫೈನಲ್ ಟೆಕ್ಸಸ್ ರೇಂಜರ್ಸ್ ಜೊತೆ. ಏಳು ಮ್ಯಾಚಲ್ಲಿ ಯಾರು ಮೊದ್ಲು ನಾಲ್ಕು ಗೆಲ್ತಾರೋ ಅವ್ರು. ನಾಲ್ಕು ಮ್ಯಾಚ್ ಮುಗಿದಾಗ ನಮ್ಮೋರು 3-1 ಮುಂದಿದ್ರು. ಐದನೇ ಮ್ಯಾಚು ನವೆಂಬರ್ 1ಕ್ಕೆ, ನಮ್ಮ ರಾಜ್ಯೋತ್ಸವದ ದಿನ! ನಿಮಗೆ ಆಗ್ಲೇ ಮಾರನೇ ದಿನ ಬೆಳಿಗ್ಗೆ. ಇಲ್ಲಿ ಒಂದು ಮ್ಯಾಚಿಗೆ ಒಂಬತ್ತು ಇನ್ನಿಂಗ್ಸ್, ಆರು ಇನ್ನಿಂಗ್ಸ್ ತನಕ ಎರಡೂ ಕಡೆ ಸೊನ್ನೆ. ಅವರ ಕಡೆ ಕ್ಲಿಫ್ ಲೀ, ನಮ್ಮ ಕಡೆ ಟಿಮ್ ಲಿನ್ಸೆಕಮ್, ಉದ್ದ ಕೂದಲಿನ ಸಣ್ಣ ಹುಡುಗ, ನೋಡಿದ್ರೆ ಕಾಲೇಜಿಗೆ ಹೋಗ್ತಾನೇನೋ ಅನ್ಸುತ್ತೆ, ಮೈ ಪೂರ್ತಿ ಬಗ್ಗಿಸಿ ಎಸೀತಾನೆ. ಏಳನೇ ಇನ್ನಿಂಗ್ಸಲ್ಲಿ ಕೋಡಿ ರಾಸ್, ಹುವಾನ್ ಉರೀಬೆ ಇಬ್ರೂ ಹಿಟ್ ಹೊಡೆದು ಬೇಸ್ ಮೇಲೆ ನಿಂತ್ರು. ಮುಂದೆ ಬಂದಿದ್ದು ಆಬ್ರೀ ಹಫ್, ಈ ಸೀಸನ್ನಿನಲ್ಲಿ 26 ಹೋಮ್ ರನ್ ಹೊಡೆದೋನು, ಅಂದ್ರೆ ನಮ್ಮ ಲೆಕ್ಕದಲ್ಲಿ ಸಿಕ್ಸರ್ ವೀರ. ಅವನು ಬೀಸ್ಲೇ ಇಲ್ಲ ಅಪ್ಪ. ಬ್ಯಾಟ್ ಅಡ್ಡ ಹಿಡ್ದು ಚೆಂಡನ್ನ ಸುಮ್ನೆ ನೆಲಕ್ಕೆ ತಟ್ಟಿ ತಾನು ಔಟಾಗಿ ಮುಂದಿದ್ದ ಇಬ್ಬರನ್ನೂ ಒಂದೊಂದು ಬೇಸ್ ಮುಂದಕ್ಕೆ ಕಳಿಸ್ದ. ಅಷ್ಟು ವರ್ಷದ ಆಟದಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲ ಸಲ ಅಂತೆ! ಆಮೇಲೆ ಪ್ಯಾಟ್ ಬರೆಲ್ ಔಟ್. ಆಮೇಲೆ ಎಡ್ಗರ್ ರೆಂಟೆರಿಯಾ ಬಂದ, ಕೊಲಂಬಿಯಾದವನು, ವಯಸ್ಸಾಗ್ತಾ ಬಂದಿದೆ, ಈ ಸೀಸನ್ ಪೂರ್ತಿ ಗಾಯ ಗಾಯ ಅಂತ ಮತ್ತೆ ಮತ್ತೆ ಹೊರಗೆ ಕೂತಿದ್ದೋನು, ಅವನು ಲೀ ಎಸೆದಿದ್ದನ್ನ ಗೋಡೆ ಆಚೆ ಎತ್ತಿ ಹಾಕ್ದ. ಮೂರು ರನ್. ಅವ್ರು ಒಂದೇ ಒಂದು ವಾಪಸ್ ಮಾಡಿದ್ರು. ಕೊನೇಗೆ ಬ್ರಯನ್ ವಿಲ್ಸನ್ ನೆಲ್ಸನ್ ಕ್ರೂಜ್‌ನ ಔಟ್ ಮಾಡಿದಾಗ ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ಪೂರ್ತಿ ಕಿರುಚಿದ್ದು ಕೇಳಿಸ್ತು, ಮೇಲಿನ ಮನೆಯ ಚೈನೀಸ್ ಅಜ್ಜಿ ಪಾತ್ರೆ ಬಡೀತಾ ಬಾಲ್ಕನಿಗೆ ಬಂದ್ರು.

ಆ ವಿಲ್ಸನ್‌ದು ಕಪ್ಪು ಬಣ್ಣ ಹಾಕಿದ ದೊಡ್ಡ ಗಡ್ಡ. ಅದಕ್ಕೇ ಊರೆಲ್ಲ, ಹೆಂಗಸರು ಮಕ್ಕಳು ಸಮೇತ, ಸುಳ್ಳು ಗಡ್ಡ ಕಟ್ಕೊಂಡು ಓಡಾಡಿದ್ರು. ಬ್ಯಾಂಕಲ್ಲಿ ಕೌಂಟರ್ ಹಿಂದೆ ಕೂತ ಹುಡುಗೀನೂ ಗಡ್ಡ ಹಾಕ್ಕೊಂಡೇ ನನ್ನ ಚೆಕ್ ತಗೊಂಡ್ಳು. ಮೂರನೇ ತಾರೀಕು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೆರವಣಿಗೆ, 1958ರಲ್ಲಿ ಟೀಮು ಆ ಊರಿಗೆ ಬಂದಾಗ ಸ್ವಾಗತ ಮಾಡಿದ್ದ ಅದೇ ರಸ್ತೇಲಿ. ಬಾರ್ಟ್ ರೈಲಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ, ಮೈಸೂರು ಜಂಬೂ ಸವಾರಿ ದಿನದ ಬಸ್ಸು ನೆನಪಾಯ್ತು. ಜನ ನೂಕಾಡ್ಲಿಲ್ಲ ಅಪ್ಪ, ಚಿನ್ನುನ ಯಾರೋ ಗೊತ್ತಿಲ್ಲದೋರು ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ರು. ನಿಮಗೆ ಕಳಿಸಿದ ಫೋಟೋ ಆವತ್ತಿಂದೇ. ಅವನ ತಲೆ ಮೇಲಿರೋದು ಕರಡಿ ಅಲ್ಲ, ಪಾಂಡಾ. ಪಾಬ್ಲೋ ಸಾಂಡೊವಾಲ್ ಅಂತ ಒಬ್ಬ ದಪ್ಪ ಆಟಗಾರನಿಗೆ ಇಲ್ಲಿ ಪಾಂಡಾ ಅಂತಾರೆ, ಅವನ ಹೆಸ್ರಲ್ಲಿ ಮಕ್ಕಳೆಲ್ಲ ಆ ಟೋಪಿ ಹಾಕ್ತಾರೆ.

ನಮ್ಮ ಆಫೀಸಲ್ಲಿ ಇದೇ ಊರಲ್ಲಿ ಹುಟ್ಟಿ ಬೆಳೆದ ಹಿರಿಯರೊಬ್ರು ಇದಾರೆ, ಅರವತ್ತರ ಹತ್ರ. ಗೆದ್ದ ಮಾರನೇ ದಿನ ಕ್ಯಾಂಟೀನಲ್ಲಿ ಕೂತು ಎಲ್ಲರೆದುರೇ ಅತ್ರು. ಟೀಮು ಹಿಂದೆ ಗೆದ್ದಿದ್ದು 1954ರಲ್ಲಿ, ಆಗ ಅದು ನ್ಯೂಯಾರ್ಕಿನಲ್ಲಿತ್ತು. ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ್ಮೇಲೆ ಈ ಸಲದ ತನಕ ಒಂದ್ಸಲನೂ ಇಲ್ಲ. 1962ರಲ್ಲಿ ಏಳನೇ ಮ್ಯಾಚು, 1-0 ಹಿಂದೆ, ಕೊನೇ ಔಟು ಬಾಕಿ, ಎರಡು ಬೇಸಲ್ಲಿ ಜನ, ವಿಲ್ಲಿ ಮೆಕೋವಿ ಬಲವಾಗಿ ಹೊಡೆದ ಚೆಂಡು ನೆಟ್ಟಗೆ ಹೋಗಿ ಯಾಂಕೀಸ್‌ನ ಬಾಬಿ ರಿಚರ್ಡ್‌ಸನ್ ಕೈಲಿ ಕೂತ್ಕೊಂಡ್ತು. ಒಂದೆರಡು ಅಡಿ ಆಚೆ ಹೋಗಿದ್ರೆ ಗೆಲುವು. ಆಗ ಆ ಹಿರಿಯರು ಚಿಕ್ಕ ಹುಡುಗ, ರೇಡಿಯೋ ಮುಂದೆ ಕೂತಿದ್ರಂತೆ. 1989ರಲ್ಲಿ ಫೈನಲ್ ನಡುವೆ ಭೂಕಂಪನೇ ಆಯ್ತು, 2002ರಲ್ಲಿ ಆರನೇ ಮ್ಯಾಚಲ್ಲಿ 5-0 ಮುಂದಿದ್ದು ಕೈ ಬಿಟ್ರು. ಅವ್ರು ಹೇಳ್ತಿದ್ದಾಗ 83ರ ಬಗ್ಗೆ ನೀವು ಹೇಳೋದು ನೆನಪಾಯ್ತು, ಅದನ್ನ ಅವ್ರಿಗೆ ಹೇಳಿದೆ, ಕಪಿಲ್ ದೇವ್ ಕ್ಯಾಚು, ಹಿಂದಕ್ಕೆ ಓಡಿದ್ದು, ಎಲ್ಲ. ಗಮನ ಇಟ್ಟು ಕೇಳಿದ್ರು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಗೆದ್ದ ಟೀಮನ್ನ ಯಾಕೆ ಒಡೀತಾರೆ, ಗೆಲ್ಲಿಸಿದೋನನ್ನೇ ಯಾಕೆ ಬಿಟ್ರು ಅಂತ. ಇಲ್ಲಿ ಊಟದ ಹೊತ್ತಲ್ಲಿ ಒಂದು ತಿಂಗಳಿಂದ ಇದೇ ಮಾತು, ಕೆಲವ್ರು ಜಗಳಕ್ಕೇ ನಿಲ್ತಾರೆ.

ನಿಯಮ ಹೀಗೆ. ಹೊಸ ಆಟಗಾರ ಆರು ವರ್ಷ ಟೀಮಿನ ಹಿಡಿತದಲ್ಲಿ ಇರ್ತಾನೆ, ಅದಾದ್ಮೇಲೆ ಕಾಂಟ್ರ್ಯಾಕ್ಟ್ ಮುಗಿದ್ರೆ ಅವನು ಸ್ವತಂತ್ರ, ಯಾರು ಜಾಸ್ತಿ ಕೊಡ್ತಾರೋ ಅಲ್ಲಿಗೆ ಹೋಗ್ಬಹುದು. ರೆಂಟೆರಿಯಾನ ಮುಂದಿನ ವರ್ಷಕ್ಕೂ ಇಟ್ಕೋಬೇಕು ಅಂದ್ರೆ 10.5 ಮಿಲಿಯನ್ ಡಾಲರ್ ಕೊಡ್ಬೇಕಿತ್ತು, ಹತ್ತಿರ ಹತ್ತಿರ 47 ಕೋಟಿ ರೂಪಾಯಿ. ಫೈನಲಿನ ಶ್ರೇಷ್ಠ ಆಟಗಾರ ಅಂತ ಪ್ರಶಸ್ತಿ ಕೊಟ್ಟ ಕೆಲವೇ ದಿನಕ್ಕೆ ಅದು ಬೇಡ ಅಂದುಬಿಟ್ರು. ನಂಗೆ ಆವತ್ತು ಹೊಟ್ಟೆ ಉರೀತು. ಆದ್ರೆ ಯೋಚ್ನೆ ಮಾಡಿದ್ರೆ, ವರ್ಷದ ಅರ್ಧ ಗಾಯದಲ್ಲಿ ಕಳೆದೋನಿಗೆ ಅಷ್ಟು ದುಡ್ಡು ಕೊಟ್ರೆ ಹುಡುಗರಿಗೆ ಕೊಡೋಕೆ ಏನುಳಿಯುತ್ತೆ. ಇದಕ್ಕೆ ಉದಾಹರಣೆ ಟೀಮಲ್ಲೇ ಇದೆ, ಬ್ಯಾರಿ ಝೀಟೋಗೆ ಏಳು ವರ್ಷಕ್ಕೆ 126 ಮಿಲಿಯನ್ ಅಂತ ಸಹಿ ಹಾಕ್ಸಿದ್ರು, ಈ ಸಲ ಪ್ಲೇಆಫ್ ಟೀಮಿನ ಪಟ್ಟಿಲೇ ಅವನ ಹೆಸ್ರಿರ್ಲಿಲ್ಲ. ಟೀಮಿನ ಮ್ಯಾನೇಜರ್ ಬ್ರೂಸ್ ಬೋಚಿ ಇದನ್ನೆಲ್ಲ ನೋಡಿ ಕಲ್ಲು ಮನಸ್ಸು ಮಾಡಿದಾರೆ, ಆಟಗಾರರನ್ನ ಕೊಳ್ಳೋದು ಬಿಡೋದು ಮಾಡೋ ಬ್ರಯನ್ ಸೇಬಿಯನ್ ಕೂಡ.

ಉರೀಬೆ ಹೋಗಿದ್ದು ಮಾತ್ರ ನಂಗಿನ್ನೂ ಸಂಕಟ. ಫಿಲಡೆಲ್ಫಿಯಾ ಮೇಲೆ ಆರನೇ ಮ್ಯಾಚಲ್ಲಿ ಗೆಲುವಿನ ಹೊಡೆತ ಹೊಡೆದೋನು ಅವ್ನೇ. ಅವನು ಹೋಗಿದ್ದು ಬೇರೆ ಯಾವ ಟೀಮಿಗಾದ್ರೂ ಆಗಿದ್ರೆ ಸೈ, ಹೋಗಿದ್ದು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ, ಮೂರು ವರ್ಷಕ್ಕೆ 21 ಮಿಲಿಯನ್. ಜೈಂಟ್ಸ್ ಡಾಡ್ಜರ್ಸ್ ಅಂದ್ರೆ ನ್ಯೂಯಾರ್ಕಿನ ಕಾಲದಿಂದ್ಲೂ ವೈರಿಗಳು, ಇಲ್ಲಿ ನೀಲಿ ಟೋಪಿ ಹಾಕ್ಕೊಂಡು ಸ್ಟೇಡಿಯಂಗೆ ಹೋದ್ರೆ ಜನ ಕೂಗಾಡ್ತಾರೆ. ಅವನ ಜಾಗಕ್ಕೆ ಮಿಗೆಲ್ ತೆಹಾಡಾನ ಒಂದು ವರ್ಷಕ್ಕೆ ತಂದಿದಾರೆ, ಅವನಿಗೆ 36. ಫೀಲ್ಡಿಂಗ್ ಮಾಡುವಾಗ ಆ ಜಾಗದಲ್ಲಿ ಎಡಕ್ಕೂ ಬಲಕ್ಕೂ ಚಿರತೆ ಹಾಗೆ ಹಾರ್ಬೇಕು, 36ರ ಮಂಡಿ ಅದನ್ನ ತಡೆಯುತ್ತಾ ಅನ್ನೋದು ನನ್ನ ಚಿಂತೆ. ಇವ್ರು ಬ್ಯಾಟಿಂಗ್ ಸಾಕು ಅಂತಾರೆ. ನಾನು ಒಪ್ಪಲ್ಲ.

ಹಫ್‌ನ ಉಳಿಸ್ಕೊಂಡ್ರು, ಎರಡು ವರ್ಷಕ್ಕೆ 22 ಮಿಲಿಯನ್. ಹೋದ ವರ್ಷ ಅವನನ್ನ ಯಾರೂ ಕೇಳೋರಿಲ್ದೆ 3 ಮಿಲಿಯನ್‌ಗೆ ಬಂದಿದ್ದ. ಬರೆಲ್ ಕೂಡ ಕಮ್ಮಿ ದುಡ್ಡಿಗೆ ವಾಪಸ್ ಬಂದ. ಕೋಡಿ ರಾಸ್ ಬಗ್ಗೆ ಒಂದು ಮಜಾ ಹೇಳ್ತೀನಿ, ಅವನಿಗೆ ಚಿಕ್ಕಂದಿನಲ್ಲಿ ಗೂಳಿ ಆಟದ ಅಖಾಡದಲ್ಲಿ ಕೋಡಂಗಿ ಆಗ್ಬೇಕು ಅಂತ ಆಸೆ ಇತ್ತಂತೆ. ಆಗಸ್ಟಲ್ಲಿ ಫ್ಲೋರಿಡಾದವ್ರು ಬೇಡ ಅಂತ ಬಿಟ್ಟಿದ್ದೋನನ್ನ ಜೈಂಟ್ಸ್‌ನವ್ರು ಎತ್ಕೊಂಡ್ರು, ಬಂದು ಫಿಲಡೆಲ್ಫಿಯಾ ಸರಣಿಯ ಶ್ರೇಷ್ಠ ಆಟಗಾರ ಆದ. ಇನ್ನು ಬೆಂಜಿ ಮೊಲೀನಾ ಅಂತ ವಿಕೆಟ್ ಕೀಪರ್ ಇದ್ದ, ಅಂದ್ರೆ ಇಲ್ಲಿ ಕ್ಯಾಚರ್ ಅಂತಾರೆ, ಅವನನ್ನ ಸೀಸನ್ ಮಧ್ಯ ಟೆಕ್ಸಸ್‌ಗೇ ಕೊಟ್ಬಿಟ್ರು, ಕೊನೇಗೆ ಫೈನಲಲ್ಲಿ ಅವನು ನಮ್ಮ ಎದುರು ಆಡ್ದ! ಅವನ ಜಾಗಕ್ಕೆ ಬಂದ ಬಸ್ಟರ್ ಪೋಸಿ, ಎಳೇ ಹುಡುಗ, ಈ ವರ್ಷದ ಶ್ರೇಷ್ಠ ಹೊಸ ಆಟಗಾರ ಅಂತ ಹೋದ ತಿಂಗಳು ಘೋಷಣೆ ಆಯ್ತು. ನನ್ನ ಕೇಳಿದ್ರೆ ಟೀಮಿನ ಬೆನ್ನೆಲುಬು ಪೋಸಿ, ಲಿನ್ಸೆಕಮ್, ಮ್ಯಾಟ್ ಕೇನ್, 21 ವರ್ಷದ ಬಮ್‌ಗಾರ್ನರ್. ಇವ್ರು ನಾಲ್ಕೂ ಜನ ಎಲ್ಲೂ ಹೋಗಲ್ಲ, ಬೌಲಿಂಗ್ ಇದ್ರೆ ಮಿಕ್ಕಿದ್ದು ಹೇಗೋ ಆಗುತ್ತೆ, ನೀವು ಚಂದ್ರಶೇಖರ್ ಪ್ರಸನ್ನ ಕಾಲದ ಬಗ್ಗೆ ಹೇಳೋದೂ ಅದೇ ಅಲ್ವಾ. ಪ್ಯಾಡ್ರೇಸ್‌ನವ್ರು ತಮ್ಮ ಒಳ್ಳೇ ಬ್ಯಾಟ್ಸ್‌ಮನ್ ಏಡ್ರಿಯನ್ ಗೊನ್ಸಾಲೆಸ್‌ನ ಈ ವಾರ ಬಾಸ್ಟನ್‌ಗೆ ಕೊಟ್ರು, ನಮಗೆ ಒಳ್ಳೇದೇ ಆಯ್ತು. ಕ್ಲಿಫ್ ಲೀ ಎಲ್ಲಿಗೆ ಹೋಗ್ತಾನೆ ಅಂತ ಇವತ್ತು ಇಡೀ ದೇಶ ಕಾಯ್ತಿದೆ, ಯಾಂಕೀಸ್ ಇಲ್ಲ ಟೆಕ್ಸಸ್ ಅಂತಾರೆ.

ನಮ್ಮ ಕಡೆ ಏನು ಕಮ್ಮಿ ಅಪ್ಪ, ಐಪಿಎಲ್‌ನಲ್ಲಿ ಬೆಂಗಳೂರಿನವ್ರು ಕೊಹ್ಲಿ ಒಬ್ಬನನ್ನೇ ಉಳಿಸ್ಕೊಂಡು ದ್ರಾವಿಡ್, ಕುಂಬ್ಳೆನ ಹರಾಜಿಗೆ ಬಿಟ್ಟಿದಾರಂತೆ, ಪೇಪರಿನ ವೆಬ್‌ಸೈಟಲ್ಲಿ ಓದ್ದೆ. ದ್ರಾವಿಡ್ ನಾಗ್ಪುರದಲ್ಲಿ 191 ಹೊಡೆದು ಒಂದು ತಿಂಗಳೂ ಆಗಿಲ್ಲ. ಜನವರಿ ಹರಾಜಲ್ಲಿ ದ್ರಾವಿಡ್ ಬೇರೆ ಬಣ್ಣದ ಅಂಗಿ ಹಾಕೋದನ್ನ ನೋಡ್ಬೇಕಾಗುತ್ತೇನೋ. ನಮ್ಮೋರು ಯಾರಾದ್ರೂ ಬೇಸ್‌ಬಾಲ್ ಆಡ್ತಾರಾ ಅಂತ ಕೇಳಿದ್ರಲ್ಲ, ಉತ್ತರಪ್ರದೇಶದ ಇಬ್ರು ಹುಡುಗ್ರು, ರಿಂಕು ಸಿಂಗ್, ದಿನೇಶ್ ಪಟೇಲ್, ಭರ್ಜಿ ಎಸೀತಿದ್ದೋರು, ಒಂದು ಟಿವಿ ಸ್ಪರ್ಧೆಯಿಂದ ಆಯ್ಕೆ ಆಗಿ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದ್ರು. ಕೆಳಗಿನ ಹಂತದ ಲೀಗಿಗೆ ಸೇರಿಸಿದ್ರು.

ಪಾಂಡಾ ವಿಷ್ಯ ಅರ್ಧಕ್ಕೆ ಬಿಟ್ಟೆ. ಆ ಸಾಂಡೊವಾಲ್‌ಗೆ 24 ವರ್ಷ, ಹೋದ ವರ್ಷ ಟೀಮಿಗೇ ಒಳ್ಳೇ ಬ್ಯಾಟ್ಸ್‌ಮನ್. ತೂಕ ಏರ್ತಾ ಹೋಯ್ತು, ಆಟ ಇಳೀತಾ ಬಂತು, ಫೈನಲಲ್ಲಿ ಒಂದು ಮ್ಯಾಚ್ ಬಿಟ್ರೆ ಮಿಕ್ಕಿದ್ದೆಲ್ಲ ಬೆಂಚ್ ಮೇಲೆ. ಸೀಸನ್ ಮುಗಿದ್ಮೇಲೆ ಸೇಬಿಯನ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು, ತೂಕ ಇಳಿಸ್ಕೊಂಡು ಬಾ, ಇಲ್ದಿದ್ರೆ ಕೆಳಗಿನ ಲೀಗಿಗೆ ಹೋಗು ಅಂತ. ಅವನು ಈಗ ತೂಕ ಇಳಿಸೋಕೆ ಹಟ ಹಿಡಿದಿದಾನಂತೆ. ಊರೆಲ್ಲ ಟೋಪಿ ಹಾಕ್ಕೊಂಡು ಪ್ರೀತಿಸೋ ಹುಡುಗನಿಗೂ ಹಾಗೆ ಕಡ್ಡಿ ಮುರಿದ ಹಾಗೆ ಹೇಳೋರು ಒಬ್ರು ಬೇಕು ಅಪ್ಪ. ನಿಮಗೆ ಹಾಗೆ ಹೇಳೋ ಧೈರ್ಯ ಅಮ್ಮನಿಗಿಲ್ಲ, ಪುಟ್ಟನಿಗಿಲ್ಲ, ನಾನು ಹೇಳ್ತಿದೀನಿ.

ಅಮ್ಮ ಬರೆದಿರೋದು ಇಷ್ಟು. ದೀಪಾವಳಿ ಹಿಂದಿನ ದಿನ ತೋಟದಲ್ಲಿ ಬರಿಗಾಲಲ್ಲಿ ಗರಿ ಎಳೀತಿದ್ದಾಗ ಬಲಗಾಲ ಹೆಬ್ಬೆರಳ ಬುಡದಲ್ಲಿ ಸಿಬಿರು ಹೊಕ್ಕಿದ್ದು. ನೀವೇ ಕಿತ್ತು ಅರಿಶಿನ ಒತ್ತಿದ್ರಿ. ಇವತ್ತಿಗೂ ಅದು ಮುಚ್ಚಿಲ್ಲ, ಸಂಜೆ ಹೊತ್ತಿಗೆ ಬಟ್ಟೆ ಒದ್ದೆ ಆಗುತ್ತೆ, ಸುತ್ತ ಕೆಂಪಗಾಗಿದೆ, ವಾಸ್ನೆ ಬರೋಕೆ ಶುರುವಾಗಿದೆ. ದಿನಾ ರಾತ್ರಿ ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡ್ತೀರಂತೆ. ಕಾಂಪೌಂಡರ್ ಕೊಟ್ಟ ಮುಲಾಮು ಸಾಕು ಅಂತೀರಂತೆ. ಖಾಲಿ ಹೊಟ್ಟೇಲಿ ನೋಡಿದ್ರೆ ಶುಗರ್ 240, ಅದೂ ಪುಟ್ಟ ಬಲವಂತ ಮಾಡಿ ಲ್ಯಾಬಿಗೆ ಕರ್ಕೊಂಡು ಹೋಗಿದ್ದಕ್ಕೆ ಗೊತ್ತಾಗಿದ್ದು. ಕೇಳಿದ್ರೆ "ನೋವೇ ಇಲ್ಲ, ನಂಗೇನಾಗಿದೆ" ಅಂತೀರಂತೆ.

ಅಪ್ಪ, ನೋವಿಲ್ಲ ಅನ್ನೋದೇ ನನ್ನ ಭಯ. ಅದನ್ನ ಓದಿದಾಗಿನಿಂದ ಊಟ ಸೇರ್ತಿಲ್ಲ.

ನಮ್ಮ ಬ್ಲಾಕಲ್ಲಿ ದಾವಣಗೆರೆ ಕಡೆಯ ಡಾಕ್ಟ್ರೊಬ್ರು ಇದಾರೆ, ಕನ್ನಡ ಕೂಟದಲ್ಲಿ ಪರಿಚಯ. ಗುರುವಾರ ರಾತ್ರಿನೇ ಅಮ್ಮನ ಹಾಳೆ ತಗೊಂಡು ಅವರ ಮನೆಗೆ ಹೋದೆ. ಅವ್ರು ಪೂರ್ತಿ ಓದಿ ಹೇಳಿದ್ದನ್ನ ಹಾಗೇ ಬರೀತೀನಿ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ರೆ ಕಾಲಿನ ನರ ಸಾಯ್ತಾ ಬರುತ್ತೆ, ಅದಕ್ಕೇ ಮುಳ್ಳು ಚುಚ್ಚಿದ್ರೂ ಬೆಂಕಿ ತಾಗಿದ್ರೂ ತಿಳಿಯಲ್ಲ. ರಕ್ತದ ಓಟನೂ ಕಮ್ಮಿ ಆಗುತ್ತೆ, ಹಾಗಾಗಿ ಗಾಯ ಬೇಗ ಮಾಯಲ್ಲ. ನೋವಿಲ್ಲ ಅಂತ ಅದೇ ಕಾಲಿನ ಮೇಲೆ ಭಾರ ಹಾಕಿ ನಡೀತಾ ಇದ್ರೆ ಗಾಯ ಒಳಗೊಳಗೇ ಆಳಕ್ಕೆ ಹೋಗುತ್ತೆ, ಹೊರಗಿನಿಂದ ಗಟ್ಟಿಯಾಗಿ ಕಾಣೋ ತೆಂಗಿನಕಾಯಿ ಒಡೆದ್ರೆ ಒಳಗೆ ಕೊಳೆತಿರೋ ಹಾಗೆ. ಕೀವು ಮೂಳೆಗೆ ತಾಗಿದ್ರೆ ಆಮೇಲೆ ಬೆರಳು, ಪಾದ ಅಂತ ಕತ್ತರಿಸೋ ಮಾತು ಬರುತ್ತೆ. ಬೇಗ ತೋರಿಸಿದ್ರೆ ಮಾತ್ರ ಬಹಳಷ್ಟು ಜನರಿಗೆ ಏನೂ ಕತ್ತರಿಸದೇನೇ ವಾಸಿ ಆಗುತ್ತೆ ಅಂದ್ರು. ಸತ್ತ ಚರ್ಮ ತೆಗೆದು ಕ್ಲೀನ್ ಮಾಡ್ತಾರೆ, ಎಕ್ಸ್‌ರೇ ತೆಗೆದು ಮೂಳೆ ನೋಡ್ತಾರೆ, ಪಾದದ ನಾಡಿ ಹಿಡಿದು ರಕ್ತ ಓಡ್ತಿದೆಯಾ ನೋಡ್ತಾರೆ, ಸಣ್ಣ ನೈಲಾನ್ ದಾರದಲ್ಲಿ ಮುಟ್ಟಿ ಎಲ್ಲೆಲ್ಲಿ ಸ್ಪರ್ಶ ಇದೆ ಅಂತ ಪರೀಕ್ಷೆ ಮಾಡ್ತಾರೆ. ಮೂರು ತಿಂಗಳ ಸರಾಸರಿ ಶುಗರ್ ತಿಳಿಯೋಕೆ ಒಂದು ರಕ್ತಪರೀಕ್ಷೆ ಇದೆ, ಅದನ್ನೂ ಮಾಡಿಸ್ತಾರೆ. ಇಷ್ಟೇ. ಹೆದರೋ ಅಂಥದ್ದು ಏನೂ ಇಲ್ಲ. ಆದ್ರೆ ಈ ವಾರನೇ ಹೋಗ್ಬೇಕು ಅಂದ್ರು, ಸಂಕ್ರಾಂತಿ ಆಗ್ಲಿ ಕಾಯಿ ಕೀಳಿಸಿ ಆಗ್ಲಿ ಅಂತ ಮುಂದೂಡ್ಬಾರ್ದು. ವಾಸ್ನೆ ಅಂತ ಓದಿದಾಗ ಅವರ ಮುಖ ನೋಡ್ದೆ ಅಪ್ಪ, ಅದಕ್ಕೇ ಇಷ್ಟು ಒತ್ತಿ ಬರೀತಿದೀನಿ.

ಬೆಂಗಳೂರಿಗೆ ಹೋದ್ರೆ ಲಕ್ಷ ಎಣಿಸ್ಬೇಕು, ಅದಕ್ಕೇ ಬೇಡ ಅಂತ ನೀವು ಅಮ್ಮನ ಹತ್ರ ಅಂದ್ರಂತೆ. ದುಡ್ಡಿನ ಮಾತು ಎತ್ಲೇಬೇಡಿ. ನಾನು ಸೋಮವಾರ ಬೆಳಿಗ್ಗೆ ಪುಟ್ಟನ ಅಕೌಂಟಿಗೆ ಹಾಕ್ತೀನಿ, ಇವ್ರಿಗೂ ಹೇಳಿದೀನಿ, ಅವ್ರೇ ನನಗಿಂತ ಮೊದ್ಲು ಹಾಕು ಅಂದ್ರು. ಇಲ್ಲಿ ಕೆಲ್ಸ ಹೋಗ್ತಿದೆ ಅಂತ ಟಿವಿಲಿ ತೋರಿಸೋದನ್ನೆಲ್ಲ ನೋಡಿ ನಮ್ಮ ಬಗ್ಗೆ ಯೋಚ್ನೆ ಮಾಡ್ಬೇಡಿ, ಇವ್ರ ಕೆಲ್ಸ ಗಟ್ಟಿ ಇದೆ, ನಂದೂ ಗಟ್ಟಿ ಇದೆ, ನಮಗೆ ಏನೂ ಕಮ್ಮಿ ಇಲ್ಲ, ನಿಜವಾಗ್ಲೂ ಇಲ್ಲ. ಕೊಬ್ಬರಿನ ಅವಸರಕ್ಕೆ ಬಿದ್ದು ಸಿಕ್ಕಿದ ರೇಟಿಗೆ ಹರಾಜಿಗೆ ಹಾಕ್ಬೇಡಿ. ಅಟ್ಟದ ಮೇಲೆ ಇರ್ಲಿ ಅದು. ನೀವು ನಮ್ಮಿಬ್ಬರನ್ನ ಓದಿಸೋಕೆ ಎಷ್ಟು ಸಲ ಹಾಗೆ ಮಾರಿದೀರ ಅಂತ ನಮಗೆ ಗೊತ್ತಿಲ್ಲ ಅಂದ್ಕೊಂಡಿದೀರಾ.

ಪುಟ್ಟ, ನೀನು ಓದು ಇದನ್ನ. ಬುಧವಾರ ಬೆಳಿಗ್ಗೆ ತಿಪಟೂರಿನಿಂದ ರೈಲಲ್ಲಿ ಹೊರಡಿ, ಬಸ್ಸು ಬೇಡ, ಅಪ್ಪ ಕಾಲು ಕೆಳಗೆ ಇಳಿಬಿಟ್ಟು ಅಷ್ಟು ಹೊತ್ತು ಕೂರೋದು ಒಳ್ಳೇದಲ್ಲ. ಮಾವನ ಮನೇಲಿ ಇಳ್ಕೊಳ್ಳಿ, ನಾನು ಮಾವನಿಗೆ ಫೋನ್ ಮಾಡಿ ಹೇಳಿದೀನಿ, ಅತ್ತೆ ಕೆಳಗಿನ ರೂಮು ತೆಗೆದಿಡ್ತೀನಿ ಅಂದ್ರು. ಕಾಲಿನ ಶುಗರ್ ಗಾಯ ನೋಡೋ ಡಾಕ್ಟ್ರನ್ನೇ ನೋಡ್ಬೇಕು, ಮಾವ ವಿಚಾರಿಸಿ ಅಪಾಯಿಂಟ್‌ಮೆಂಟ್ ತಗೊಳ್ತಾರೆ. ಹಳೇ ಚೀಟಿ, ಲ್ಯಾಬ್ ರಿಪೋರ್ಟ್, ಈಗ ತಗೊಳ್ತಿರೋ ಮಾತ್ರೆ ಎಲ್ಲ ಒಂದು ಕವರಲ್ಲಿ ಹಾಕ್ಕೋ. ವಾಪಸ್ ಬರುವಾಗ ಎಂಸಿಆರ್ ಚಪ್ಪಲಿ ಅಂತ ಸಿಗುತ್ತೆ, ಮೆತ್ತಗಿರೋ ರಬ್ಬರಿಂದು, ಡಾಕ್ಟ್ರನ್ನ ಕೇಳಿ ಅವ್ರು ಹೇಳಿದ ಅಳತೇದು ಎರಡು ಜೊತೆ ತಗೋ, ಒಂದು ಮನೆಯೊಳಗೆ ಒಂದು ತೋಟಕ್ಕೆ.

ಅಮ್ಮ, ನೀನು ದಿನಾ ರಾತ್ರಿ ಅಪ್ಪನ ಎರಡೂ ಪಾದ ತಿರುಗಿಸಿ ನೋಡು, ಬೆರಳ ಸಂದಿ ಕೂಡ. ಅವ್ರು ನಾಚ್ಕೋತಾರೆ, ನೋಡು ಅಂತ ನಾನು ಹೇಳಿದೀನಿ ಅನ್ನು. ಹೋಳಿಗೆ ಡಬ್ಬ ಅವರ ಕೈಗೆ ಸಿಗದ ಹಾಗೆ ಇಡು. ಮಧ್ಯಾಹ್ನ ಅನ್ನ ಕಮ್ಮಿ ಮಾಡಿ ಸೊಪ್ಪಿನ ಪಲ್ಯ ಜಾಸ್ತಿ ಹಾಕು, ಮುದ್ದೆನೂ ಎರಡು ಬೇಡ, ಚಿಕ್ಕದು ಒಂದು. ನೀನು ಅಳ್ತಾ ಕೂರ್ಬೇಡ, ನಿನ್ನ ಬಿಪಿ ಮಾತ್ರೆ ತಪ್ಪಿಸ್ಬೇಡ. ಅಪ್ಪನಿಗೆ ಏನೂ ಆಗಲ್ಲ. ಖಂಡಿತ ಏನೂ ಆಗಲ್ಲ, ಡಾಕ್ಟ್ರೇ ಹೇಳಿದಾರೆ ವಾಸಿ ಆಗೋ ಕಾಯಿಲೆ ಅಂತ, ಎಷ್ಟೋ ಜನಕ್ಕೆ ಆಗಿ ಎಷ್ಟೋ ಜನ ಓಡಾಡ್ಕೊಂಡಿದಾರೆ.

ಅಪ್ಪ, ಒಂದು ಮಾತು. ಮಾರ್ಚ್ 6ಕ್ಕೆ ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ವರ್ಲ್ಡ್ ಕಪ್ ಮ್ಯಾಚ್ ಇದೆ, ನಮ್ಮೋರಿಗೂ ಐರ್ಲೆಂಡಿಗೂ. ಭಾನುವಾರ. ಆ ಹೊತ್ತಿಗೆ ನಾನೂ ಚಿನ್ನುನೂ ಊರಲ್ಲಿ ಇರೋ ಹಾಗೆ ರಜ ಕೇಳಿದೀನಿ, ಟಿಕೆಟ್ ಎಷ್ಟೇ ಆಗ್ಲಿ ತಗೊಳ್ಳೋಣ, ನೀವು ಅವನ ಪಕ್ಕ ಕೂತು ಎಲ್‌ಬಿಡಬ್ಲ್ಯು ಅಂದ್ರೇನು ಅಂತ ಅವನಿಗೆ ಹೇಳ್ಕೊಡ್ಬೇಕು, ಆ ಹುಡುಗನಿಗೆ ಸ್ಟ್ರೈಕ್ ಔಟ್ ಗೊತ್ತು ಎಲ್‌ಬಿಡಬ್ಲ್ಯು ಗೊತ್ತಿಲ್ಲ. ಆ ಸ್ಟ್ಯಾಂಡಿನ ಮೆಟ್ಲು ನೀವು ನಿಮ್ಮ ಕಾಲಲ್ಲೇ ಹತ್ತಬೇಕು. ಅದಕ್ಕೆ ಬುಧವಾರ ರೈಲು ಹತ್ತಿ. ಬೇರೇನೂ ಕೇಳಲ್ಲ ನಾನು.

ಇವ್ರು ಕೆಳಗೆ ಕಾರ್ ತೆಗೆದು ಹಾರ್ನ್ ಮಾಡ್ತಿದಾರೆ, ಚಿನ್ನುನ ಈಜು ಕ್ಲಾಸಿಗೆ ಬಿಡ್ಬೇಕು. ದೊಡ್ಡಮ್ಮನಿಗೆ, ಅಜ್ಜಿಗೆ ನಮಸ್ಕಾರ ಹೇಳಿ. ಸಾರಿನ ಪುಡಿ ಇನ್ನೂ ಇದೆ ಅಮ್ಮ, ಈಗ ಕಳಿಸ್ಬೇಡ. ಮಂಗಳವಾರ ನಿಮ್ಮ ಸಂಜೆ ಏಳಕ್ಕೆ ಫೋನ್ ಮಾಡ್ತೀನಿ, ಅಪ್ಪ ನೀವೇ ಎತ್ತಬೇಕು, ಅಮ್ಮನ ಕೈಗೆ ಕೊಡ್ಬಾರ್ದು.

ಇಂತಿ ನಿಮ್ಮ ಮಗಳು

ಮರೆತೆ: ಇವತ್ತು ರಾತ್ರಿಯಿಂದ್ಲೇ ಬಿಸಿನೀರು, ಉಪ್ಪು, ಅರಿಶಿನ ಮೂರೂ ಬೇಡ. ನೀರು ಬಿಸಿ ಎಷ್ಟಿದೆ ಅಂತ ನಿಮ್ಮ ಕಾಲಿಗೆ ತಿಳಿಯಲ್ಲ, ಬೊಬ್ಬೆ ಬರುತ್ತೆ. ಬರೀ ಸ್ವಚ್ಛ ಬಟ್ಟೆ ಕಟ್ಟಿ, ಆ ಕಾಲಿನ ಮೇಲೆ ಭಾರ ಹಾಕ್ಬೇಡಿ, ತೋಟ ಪುಟ್ಟ ನೋಡ್ಕೊಳ್ತಾನೆ. ಜ್ವರ ಬಂದ್ರೆ, ಕೆಂಪು ಮೇಲಕ್ಕೆ ಏರಿದ್ರೆ ಬುಧವಾರದ ತನಕ ಕಾಯ್ದೆ ಆವತ್ತೇ ಹೊರಡಿ.